ಅಜ್ಜಿಯ ಸ್ವೆಟರ್ ಬಿಚ್ಚಿದ ಶನಿವಾರ

‘ನಮ್ಮಮ್ಮನ ಸ್ವೆಟರ್ ಎಲ್ಲಿ ಮೇಡಂ?’

ಎರಡು ತಿಂಗಳ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಶಿವಮೊಗ್ಗ ಪಕ್ಕದ ಮಲವಗೊಪ್ಪದ ಕಡೆಯ ಒಂದು ಸರ್ಕಾರಿ ಶಾಲೆಯ ಬಾಗಿಲಲ್ಲಿ ನಿಂತು ಒಬ್ಬರು ನನ್ನನ್ನು ಹೀಗೆ ಕೇಳಿದರು. ಹಣೆಯ ಮೇಲೆ ವಿಭೂತಿ, ಅಂಗಿತುಂಬ ಗ್ರೀಸ್, ಮುಖ ಕೆಂಪು. ಅವರು ಹುಡುಕುತ್ತಿದ್ದ ಸ್ವೆಟರ್ ಅಲ್ಲೇ ಇತ್ತು. ಎರಡು ಲಡಿ ನೂಲಾಗಿ, ಕಿಟಕಿಯ ಸರಳಿಗೆ ನೇತಾಡುತ್ತಾ ನೀರು ತೊಟ್ಟಿಕ್ಕಿಸುತ್ತಿತ್ತು.

ಏನು ಹೇಳಲಿ? ‘ಅಗೋ, ಅಲ್ಲಿ ಒಣಗ್ತಾ ಇದೆ’ ಅನ್ನಲೇ?

ಮೊದಲಿಂದ ಹೇಳಿಬಿಡುತ್ತೇನೆ. ಆ ಶಾಲೆಯ ಹೆಡ್ ಮೇಡಂ ನನ್ನ ಕಾಲೇಜು ಗೆಳತಿ. ಒಂದು ದಿನ ಫೋನ್ ಮಾಡಿದಳು. ‘ನಿಂಗೆ ಹೆಣಿಗೆ ಬರುತ್ತಲ್ಲ ಮಾರಾಯ್ತಿ, ಶನಿವಾರ ಬಂದು ಆರನೇ ಕ್ಲಾಸಿಗೆ ಹೇಳ್ಕೊಡು. ಬಟ್ಟೆ ಎಲ್ಲಿಂದ ಬರುತ್ತೆ ಅಂತ ಕೇಳಿದ್ರೆ ಈ ಮಕ್ಳು ಆನ್‌ಲೈನಿಂದ ಅಂತಾವೆ!’

ಒಪ್ಪಿಕೊಂಡೆ. (ನನಗೆ ಹೆಣಿಗೆ ಬರುವುದು ಅರ್ಧ. ಬೇಡ ಅನ್ನುವುದಂತೂ ಬರುವುದೇ ಇಲ್ಲ.) ಶುರು ಮಾಡಲು ಗೊತ್ತು, ಮುಗಿಸಲು ಗೊತ್ತಿಲ್ಲ. ನಮ್ಮ ಮನೆಯಲ್ಲಿ ನಾನು ಹೆಣೆದ ಕತ್ತಿಲ್ಲದ ಸ್ವೆಟರ್‌ಗಳು ಮೂರಿವೆ. ಹಾಗಾಗಿ ಭದ್ರಾವತಿಯ ಸೆಲ್ವಿ ಅಕ್ಕನ ಮೊರೆ ಹೋದೆ.

ಸೆಲ್ವಿ ಅಕ್ಕನ ಮನೆ ಕಾಗದನಗರದಲ್ಲಿ, ಮನೆಮಾತು ತಮಿಳು. ಅಲ್ಲಿ ನನ್ನ ಅಕ್ಕನ ಪಕ್ಕದ ಮನೆಯವರಾಗಿ ಪರಿಚಯವಾದವರು. ಅವರ ಗಂಡ ಪೇಪರ್ ಮಿಲ್ಲಿನಲ್ಲಿದ್ದರು. ಸೆಲ್ವಿ ಅಕ್ಕ ಮೂರು ಮಕ್ಕಳನ್ನು ಬೆಳೆಸಿದ್ದು ನಾಲ್ಕೇ ಸ್ವೆಟರ್‌ನಲ್ಲಿ. ದೊಡ್ಡವನಿಗೆ ಗಿಡ್ಡವಾದದ್ದನ್ನು ಬಿಚ್ಚಿ, ತೊಳೆದು, ಎರಡನೆಯವಳ ಅಳತೆಗೆ ಹೆಣೆಯುವುದು. ಅದನ್ನೇ ಮತ್ತೆ ಬಿಚ್ಚಿ ಮೂರನೆಯವನಿಗೆ. ಕೊನೆಗೆ ಉಳಿದದ್ದರಲ್ಲಿ ಗಂಡನಿಗೊಂದು ಟೋಪಿ! ಇವತ್ತು ನಾವು ಇದಕ್ಕೆ ‘ಸಸ್ಟೈನಬಲ್ ಫ್ಯಾಷನ್’ ಅಂತ ಹೆಸರಿಟ್ಟು ಸೆಮಿನಾರ್ ಮಾಡುತ್ತೇವೆ. ಸೆಲ್ವಿ ಅಕ್ಕ ಅದನ್ನು ಸಂಸಾರ ಅಂದುಕೊಂಡಿದ್ದರು.

ಮೊದಲ ಶನಿವಾರ ನಾನು ಅಂಗಡಿಯಿಂದ ಮಿರಮಿರ ಮಿಂಚುವ ಗುಲಾಬಿ ನೂಲಿನ ಉಂಡೆ ಕೊಂಡು ಹೋಗಿದ್ದೆ. ಅಕ್ಕ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಬದಿಗಿಟ್ಟರು. ತಮ್ಮ ಚೀಲದಿಂದ ಒಂದು ತುಂಡು ಹಳೇ ಉಣ್ಣೆ ನೂಲು ತೆಗೆದರು. ಇಕ್ಕಳದಲ್ಲಿ ಹಿಡಿದು ಬೆಂಕಿಪೊಟ್ಟಣ ಗೀರಿದರು. ಕೂದಲು ಸುಟ್ಟ ವಾಸನೆ. ತುದಿಯಲ್ಲಿ ಬೂದಿ. ಆಮೇಲೆ ನನ್ನ ಗುಲಾಬಿ ನೂಲಿಗೆ ಹಚ್ಚಿದರು. ಅದು ಕರಗಿ, ಗಟ್ಟಿಯಾದ ಕರೀ ಮಣಿಯಾಯಿತು.

‘ಮೇಡಂ, ನಿಮ್ದು ಪ್ಲಾಸ್ಟಿಕ್!’ ಇಡೀ ಕ್ಲಾಸು ಕುಣಿದಾಡಿತು.

‘ಇದು ಕುರಿ ಕೂದ್ಲು ಕಂದಾ, ಮಣ್ಣಿಗೆ ಹಾಕಿದ್ರೆ ಮಣ್ಣಾಗ್ತದೆ. ಮೇಡಮ್ಮೋರ್ದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಂಗೇ ಬಿದ್ದಿರ್ತದೆ’ ಎಂದರು ಅಕ್ಕ, ಅತ್ಯಂತ ಮರ್ಯಾದೆಯಿಂದ.

ಹೋದ ಮಾನ ಉಳಿಸಿಕೊಳ್ಳಲು ನಾನು ಜೋರಾಗಿ ಘೋಷಿಸಿದೆ: ‘ಮುಂದಿನ ವಾರ ಎಲ್ಲರೂ ಮನೆಯಲ್ಲಿ ಹಾಕದೇ ಇರೋ ಹಳೇ ಸ್ವೆಟರ್ ತನ್ನಿ. ಬಿಚ್ಚಿ ಹೊಸದು ಮಾಡೋಣ.’

ಮನೆಯಲ್ಲಿ ಕೇಳಿ ತನ್ನಿ ಅಂತ ಹೇಳಿದೆನಾ? ಇಲ್ಲ.

ಮುಂದಿನ ವಾರ ಐದು ಸ್ವೆಟರ್ ಬಂದವು. ನಾಲ್ಕು ಪ್ಲಾಸ್ಟಿಕ್ಕು. ಐದನೆಯದನ್ನು ತಂದವಳು ಧನ್ಯ ಎಂಬ ಪುಟ್ಟ ಹುಡುಗಿ. ಕಡುಹಸಿರು ಬಣ್ಣ, ಕೈಯಲ್ಲಿ ಹೆಣೆದದ್ದು, ಅಪ್ಪಟ ಉಣ್ಣೆ. ಒಂದು ಮೊಣಕೈ ಹತ್ತಿರ ತೂತು. ಅಕ್ಕನ ಮುಖ ಅರಳಿತು. ಪಕ್ಕದ ಹೊಲಿಗೆ ಬಿಡಿಸಿ, ತುದಿ ಹುಡುಕಿ ಎಳೆದರು ನೋಡಿ, ಸಾಲು ಸಾಲೇ ಸರ್‍ರನೆ ಬಿಚ್ಚಿಕೊಂಡಿತು. ಮಕ್ಕಳ ಕೇಕೆ! ಕಟ್ಟುವುದಕ್ಕಿಂತ ಬಿಚ್ಚುವುದರಲ್ಲಿ ಎಷ್ಟು ಖುಷಿ ಅಲ್ಲವೇ? ಹನ್ನೊಂದು ಗಂಟೆಗೆ ಬೆನ್ನು, ಎದೆ, ಒಂದು ತೋಳು ಮುಗಿದು ಬಕೆಟ್ಟಿನಲ್ಲಿ ತೊಳೆದು ನೇತುಹಾಕಿದ್ದೂ ಆಯಿತು. ತೂತಿನ ತೋಳೊಂದು ಉಳಿದಿತ್ತು.

ಆಗ ಬಂದರು ಧನ್ಯಳ ಅಪ್ಪ ರುದ್ರೇಶ್. ಟ್ರಂಕಿನಲ್ಲಿದ್ದ ಸ್ವೆಟರನ್ನು ಮಗಳು ಶಾಲೆಗೆ ಒಯ್ದ ಸುದ್ದಿ ಹೆಂಡತಿಯಿಂದ ಗೊತ್ತಾಗಿ, ಕೆಲಸ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ್ದರು.

ಕಿಟಕಿಯ ಸರಳು ನೋಡಿದರು. ಗೊತ್ತಾಗಿ ಹೋಯಿತು.

‘ನಂಗೆ ಮೊದಲು ಕೆಲ್ಸ ಸಿಕ್ಕಾಗ ನಮ್ಮಮ್ಮ ಹೆಣೆದಿದ್ದು ಅದು. ಅವ್ರು ಹೋಗಿ ಎರಡು ವರ್ಷ ಆಯ್ತು. ದೊಡ್ಡವರು ನೀವು, ಒಂದು ಮಾತು ಕೇಳ್ಬಾರದಾ?’

ನಾನೂ ಅಮ್ಮನ ಹಳೇ ಸೀರೆಯೊಂದನ್ನು ಮಡಿಕೆ ಬಿಚ್ಚದೆ ಇಟ್ಟುಕೊಂಡವಳೇ. ‘ತಪ್ಪಾಯ್ತು’ ಎಂದೆ. ಆ ಮಾತು ಎಷ್ಟು ತೆಳ್ಳಗೆ ಕೇಳಿಸಿತು ಅಂದರೆ, ನನಗೇ ನಾಚಿಕೆಯಾಯಿತು.

ಅವರು ಮಗಳ ಕಡೆ ತಿರುಗಿದರು. ‘ಯಾಕೆ ತಂದೆ?’

‘ನೀನು ಹಾಕ್ಕೊಳಲ್ವಲ್ಲಪ್ಪ.’

‘ಹಾಕ್ಕೊಳಲ್ಲ ಅಂತ ಬಿಚ್ಚಿಬಿಡೋದಾ?’

ಧನ್ಯ ಕಿಟಕಿಯ ನೂಲಿನ ಕಡೆ ಕೈ ತೋರಿಸಿದಳು. ‘ಅಜ್ಜಿ ನಂಗೂ ಒಂದು ಹೆಣೆದು ಕೊಡ್ತೀನಿ ಅಂದಿದ್ರು. ಕಣ್ಣಿನ ಆಪರೇಷನ್ ಆಗ್ಲಿ ಅಂದ್ರು. ಆಮೇಲೆ ಆಗ್ಲೇ ಇಲ್ಲ.’

ಸೆಲ್ವಿ ಅಕ್ಕ ಎದ್ದು, ಉಳಿದಿದ್ದ ತೋಳನ್ನು ಅವರ ಕೈಗಿಟ್ಟರು.

‘ತಂಬಿ, ಒಣಗಿದ ಮೇಲೆ ನಾನು ಮತ್ತೆ ಅದೇ ಅಳತೆಗೆ ಹೆಣೆದು ಕೊಡ್ತೀನಿ. ಆದ್ರೆ ಸುಳ್ಳು ಹೇಳಲ್ಲ. ಅದು ನನ್ನ ಕೈಕೆಲಸ ಆಗ್ತದೆ, ನಿಮ್ಮಮ್ಮನದು ಆಗಲ್ಲ. ಅವ್ರ ಕೈಯಿಂದು ಉಳಿದಿರೋದು ಇದೊಂದೇ. ಬೇಕಾದ್ರೆ ಹಂಗೇ ಎತ್ತಿಟ್ಕೊಳ್ಳಿ.’

ರುದ್ರೇಶ್ ತೋಳಿನೊಳಗೆ ಕೈ ತೂರಿಸಿದರು. ತೂತಿನಿಂದ ಒಂದು ಬೆರಳು ಹೊರಗೆ ಬಂತು. ಮಕ್ಕಳ ಬೆಂಚಿನ ಮೇಲೆ ಕುಳಿತರು. ಮೊಣಕಾಲು ಗದ್ದಕ್ಕೆ ತಾಗುವ ಹಾಗೆ.

‘ಒಂದು ತೋಳು ಇಟ್ಕೊಂಡು ಏನು ಮಾಡ್ಲಿ ಅಮ್ಮ?’ ಎಂದರು. ಆಮೇಲೆ, ‘ತುದಿ ಎಲ್ಲಿದೆ, ತೋರ್ಸಿ.’

ತಾವೇ ಎಳೆದರು. ಮಗಳು ಸುತ್ತತೊಡಗಿದಳು. ನಾಲ್ಕು ಸುತ್ತು ಆಗಿತ್ತೋ ಇಲ್ಲವೋ, ‘ಏ, ಅಷ್ಟು ಬಿಗಿ ಬೇಡ ಪುಟ್ಟಿ. ಒಂದರ ಪಕ್ಕ ಒಂದು ಕೂರ್ಬೇಕು’ ಎಂದು ಉಂಡೆ ಕಿತ್ತುಕೊಂಡರು. ಏನು ಚೆಂದದ ಕೈ! ಸೆಲ್ವಿ ಅಕ್ಕನೇ ಬೆರಗಾದರು.

‘ಎಲ್ಲಿ ಕಲ್ತ್ರಿ ತಂಬಿ?’

‘ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಮ್ಮ ನಂದು. ಬಿಚ್ಚೋದು, ಸುತ್ತೋದು. ದಿನಾ ಅದೇ.’

ಮಕ್ಕಳು ಸುಮ್ಮನಿರುತ್ತಾರೆಯೇ? ಮೋಟಾರ್ ಸುಟ್ಟರೆ ಏನಾಗುತ್ತೆ ಅಂಕಲ್, ಎಸೀತಾರಾ ಅಂಕಲ್? ‘ಯಾಕೆ ಎಸೀಬೇಕು? ಒಳಗಿನ ತಂತಿ ಬಿಚ್ಚಿ ಹೊಸದು ಸುತ್ತಿದ್ರೆ ಮತ್ತೆ ತೋಟಕ್ಕೆ ನೀರು ಎತ್ತುತ್ತೆ’ ಎಂದರು ರುದ್ರೇಶ್. ನಾನು ಎರಡು ಪುಟ ನೋಟ್ಸ್ ಬರೆದುಕೊಂಡು ಹೋಗಿದ್ದೆ. ಮಡಚಿ ಬ್ಯಾಗಿಗೆ ಹಾಕಿದೆ.

ತೋಳು ಮುಗಿಯುವ ಹೊತ್ತಿಗೆ ಒಂದು ಗೇಣು ನೂಲು ಕತ್ತರಿಸಿ ಜೇಬಿಗೆ ಹಾಕಿಕೊಂಡರು. ಹೊರಡುವಾಗ ನನಗೆ ಮಾತ್ರ ಹೇಳಿದರು: ‘ಇನ್ನೊಂದ್ಸಲ ಮನೆಗೆ ಚೀಟಿ ಕಳ್ಸಿ ಮೇಡಂ. ಸೈನ್ ಹಾಕಿ ಕೊಡ್ತೀವಿ.’

ಈಗ ಚೀಟಿ ಇಲ್ಲದೆ ನಾವು ಒಂದು ಕುಣಿಕೆಯನ್ನೂ ಬಿಚ್ಚುವುದಿಲ್ಲ.

ಕಳೆದ ವಾರ ಧನ್ಯಳ ಹಸಿರು ಸ್ವೆಟರ್ ಮುಗಿಯಿತು. ಎದೆಯ ಭಾಗ ಸೆಲ್ವಿ ಅಕ್ಕನದು, ನೇರ. ಬೆನ್ನು ಧನ್ಯಳದು, ಸ್ವಲ್ಪ ಸೊಟ್ಟ. ಕೆಳಗಿನ ಪಟ್ಟಿಯಲ್ಲಿ ನಾಲ್ಕು ಬೆರಳಷ್ಟು ರುದ್ರೇಶ್ ಅವರದು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮಗಳ ಹತ್ತಿರ ಕಲಿತು ಹೆಣೆದರಂತೆ. ಆ ಬಿಸಿಲಲ್ಲೂ ಹುಡುಗಿ ಅದನ್ನು ಹಾಕಿಕೊಂಡೇ ಬೆವರುತ್ತಾ ಕುಳಿತಿದ್ದಳು. ತೆಗಿ ಅಂದರೆ ಕೇಳಬೇಕಲ್ಲ!

ಅವತ್ತು ಸಂಜೆ ಶಿವಮೊಗ್ಗದ ಬಟ್ಟೆ ಅಂಗಡಿಯೊಂದಕ್ಕೆ ಹೋದೆ. ತಂಗಿಯ ಮಗಳಿಗೆ ಒಂದು ಟಾಪ್ ಬೇಕಿತ್ತು. ರಾಶಿ ರಾಶಿ ಬಟ್ಟೆ, ಎಲ್ಲದರ ಮೇಲೂ ಆಫರ್. ಚಿಕ್ಕವಳಿದ್ದಾಗ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಬಟ್ಟೆ ಹಿಡಿದು ಎಳೆದು ನೋಡಿ ಅಂಗಡಿಯವರಿಗೆ ಹಾಕುತ್ತಿದ್ದ ಪ್ರಶ್ನೆ ಥಟ್ಟನೆ ನೆನಪಾಯಿತು. ಕೌಂಟರಿನ ಹುಡುಗಿಯನ್ನು ಅದನ್ನೇ ಕೇಳಿದೆ.

‘ಇದು ಬಾಳಿಕೆ ಬರುತ್ತೇನಮ್ಮ?’

ಪಾಪ, ಅವಳು ಹಿಂದಿನ ಶೆಲ್ಫಿನ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ ಹೇಳಿದಳು: ‘ಇಲ್ಲ ಮೇಡಂ, ಆ ಬ್ರ್ಯಾಂಡ್ ನಮ್ಮಲ್ಲಿ ಬರಲ್ಲ.’