ಮುಚ್ಚಿಟ್ಟ ಲೋಟ

ನಾನು ನಿಂತಿದ್ದು ನಾಶಿಕ್‌ನಲ್ಲಿ, ನಮ್ಮ ಕ್ರೈಸ್ತ ಸಭೆಯ ಹಿರಿಯರ ಮನೆಯ ಮುಂದಿನ ಕೋಣೆಯಲ್ಲಿ, ರಸ್ತೆ ಕಡೆಯ ಕಿಟಕಿಗೆ ಬೆನ್ನು ಮಾಡಿ. ಕೈಯಲ್ಲಿ ರೊಟ್ಟಿಯ ತಟ್ಟೆ ಇತ್ತು. ಈಸ್ಟರ್ ಹಬ್ಬದ ಬೆಳಗು. ಕೊರೋನಾ ಕಳೆದು, ನಾವು ಮತ್ತೆ ಒಂದೇ ಲೋಟದಿಂದ ಕುಡಿಯತೊಡಗಿದ ವರ್ಷ. ಹಿರಿಯರು ನನ್ನಿಂದ ಒಂದು ಕೈ ದೂರದಲ್ಲಿದ್ದರು. ಹಾಗಾಗಿ ನನ್ನ ಕಣ್ಣು ತಪ್ಪಿರಲಾರದು.

ಅವರು ಬೀದರ್ ಕಡೆಯವರು, ಕಟ್ಟಡದ ಮೇಸ್ತ್ರಿ. ಕನ್ನಡದಲ್ಲಿ ಪ್ರಾರ್ಥಿಸಲು ನಮಗೆ ಬೇರೆ ಜಾಗವಿರಲಿಲ್ಲವಾದ್ದರಿಂದ ಭಾನುವಾರ ಅವರ ಮನೆಯಲ್ಲೇ ಸೇರುತ್ತಿದ್ದೆವು: ಕಟ್ಟಡ ಕೆಲಸದ ಕೆಲವು ಕುಟುಂಬಗಳು, ಓಝರ್ ಹತ್ತಿರದ ಕಾರ್ಖಾನೆಯಿಂದ ನಾನು. ಬಾಯಿಪಾಠವಲ್ಲದ ಪ್ರಾರ್ಥನೆಯನ್ನು ನನಗೆ ಕಲಿಸಿದವರು ಅವರೇ. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ತಿಂದು ಒಂದೇ ಲೋಟದಿಂದ ದ್ರಾಕ್ಷಾರಸ ಕುಡಿಯುವ ಆಚರಣೆಗೆ, ಬೇಕಾದ ದ್ರಾಕ್ಷಿಯನ್ನು ಹಿಂದಿನ ದಿನ ತಾವೇ ಹಿಂಡುತ್ತಿದ್ದರು. ಅವರ ಸಭೆಯಲ್ಲಿ ಒಂದು ಕಟ್ಟುನಿಟ್ಟಿತ್ತು: ಯಾರೊಂದಿಗಾದರೂ ಮಾತು ಬಿಟ್ಟವನು ಲೋಟ ಮುಟ್ಟಬಾರದು. ಮೊದಲು ಹೋಗಿ ಮಾತಾಡಬೇಕು.

ಆ ವಾರ ಹಾಗೆ ಹೋಗಿ ಬಂದವನು ಗೋಡೆಗೆ ಸಿಮೆಂಟು ಮೆತ್ತುವ ಒಬ್ಬ ಗಿಲಾವು ಕೆಲಸದವನು. ಸಂಭಾಜಿನಗರದಲ್ಲಿರುವ ಅಣ್ಣನ ಜೊತೆ ಜಗಳವಾಡಿದ್ದ. ಬೆಳಿಗ್ಗೆ ಬಾಗಿಲಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದ.

“ಮಾತಾಡಿ ಬಂದೆ ನೋಡ್ರಿ ಅಣ್ಣಾರ. ನಮ್ಮಣ್ಣ ಮೊದಲ ಕಂಡಾಪಟ್ಟಿ ಬೈದ. ಆಮ್ಯಾಲ ಕೋಳಿ ಕೊಯ್ದ.”

“ಬೈಗಳ ಭಾಳ ಆದ್ವೋ, ಕೋಳಿ ಭಾಳ ಆತೋ?” ಎಂದು ಹಿರಿಯರು ನಕ್ಕರು.

“ಕೋಳಿ ಕಮ್ಮಿ ಬಿತ್ತರಿ,” ಎಂದವನು, ಅದೇ ಉಸಿರಿನಲ್ಲಿ ಕೇಳಿದ. “ನಿಮ್ಮ ತಮ್ಮಾರೂ ಸಂಭಾಜಿನಗರದಾಗ ಅದಾರಂತಲ್ರಿ, ಚಿಕಲಠಾಣಾದ ಕಡೆ? ಹಬ್ಬಕ್ಕ ಅವರ್ನೂ ಕರೀಬೇಕಿತ್ತು.”

ಅದರಲ್ಲಿ ಕುಹಕವಿರಲಿಲ್ಲ. ನಾನು ಅವನ ಮುಖ ನೋಡುತ್ತಿದ್ದೆ. ಚಾಪೆ ಹಾಸುತ್ತಿದ್ದ ಹಿರಿಯರ ಹೆಂಡತಿ ಮಾತ್ರ ಬಗ್ಗಿದವರು ಬಗ್ಗಿದಂತೆಯೇ ನಿಂತರು.

ಆರಾಧನೆ ನಡೆಯಿತು. ಹಿರಿಯರು ಲೋಟದ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸುತ್ತ ಒಬ್ಬೊಬ್ಬರಿಗೂ ಕೊಟ್ಟರು. ಕೊನೆಯಲ್ಲಿ ಕುಡಿಯುವುದು ಅವರ ರೂಢಿ. ಲೋಟವನ್ನು ಎದೆಯ ತನಕ ಎತ್ತಿದರು, ಒಳಗೆ ನೋಡಿದರು, ಕೆಳಗಿಟ್ಟು ಮೇಲೊಂದು ತಟ್ಟೆ ಮುಚ್ಚಿದರು.

“ನಾ ಕುಡ್ಯಾಂಗಿಲ್ಲ,” ಎಂದರು. “ನನ್ನ ತಮ್ಮ ಪೈಠಣದ ನೇಕಾರರ ಹುಡುಗಿನ್ನ ಮಾಡ್ಕೊಂಡ. ಆಕಿ ನಮ್ಮ ವಿಶ್ವಾಸದಾಕಿ ಅಲ್ಲ. ನಾ ಮದಿವಿಗೆ ಹೋಗ್ಲಿಲ್ಲ. ಹೋದ್ರ ನಿಮಗೆಲ್ಲಾ ಎಂಥಾ ದಾರಿ ತೋರಿಸ್ದಂಗ ಆಗ್ತದ ಅಂದೆ. ನಿಮಗ ಮಾದರಿ ಆಗ್ಬೇಕಂತ ಅವನ್ನ ಬಿಟ್ಟೆ. ಅಂದಿನಿಂದ ಮಾತಿಲ್ಲ.”

ನಾನು ರೊಟ್ಟಿಯ ತಟ್ಟೆಯನ್ನು ಲೋಟದ ಪಕ್ಕ ಇಟ್ಟೆ. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ.

ಮರುದಿನ ತಮ್ಮನನ್ನು ಕಾಣಲು ಹೊರಟ ಅವರೊಂದಿಗೆ ನಾನೂ ರೈಲು ಹತ್ತಿದೆ. ಮನ್ಮಾಡ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ, “ಸಣ್ಣಾವಿದ್ದಾಗ ನನ್ನ ಬೆನ್ನ ಮ್ಯಾಲೇ ಇರ್ತಿದ್ದ,” ಎಂದರು. ಅಷ್ಟೇ.

ಚಿಕಲಠಾಣಾದಲ್ಲಿ ಕಾರ್ಖಾನೆಗಳ ಹಿಂದಿನ ಓಣಿ. ಬಾಗಿಲು ತೆರೆದದ್ದು ತಮ್ಮ. ಅವರ ಹಿಂದಿನಿಂದ ಹೆಂಡತಿ ಇಣುಕಿ, “ಯಾ ಭಾವೋಜಿ, ಬಸಾ,” ಎಂದು ಮರಾಠಿಯಲ್ಲಿ ಕೂರಲು ಕರೆದರು. ತಮ್ಮ ದಾರಿ ಬಿಡಲಿಲ್ಲ.

“ಯಾಕ ಬಂದಿ?”

“ತಪ್ಪಾಗ್ಯದ ತಮ್ಮಾ. ಕ್ಷಮಾ ಕೇಳಾಕ ಬಂದೀನಿ.”

“ಇಷ್ಟ ವರ್ಷ ಆಗದ ತಪ್ಪು ಇವತ್ತ ಆತೇನು?”

ಹಿರಿಯರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಿನ್ನೆ ಲೋಟ ಮುಚ್ಚಿಟ್ಟದ್ದನ್ನು ಇದ್ದದ್ದು ಇದ್ದಂತೆ ಹೇಳಿದರು. ತಮ್ಮ ಪೂರ್ತಿ ಕೇಳಿದರು.

“ಅಂದ್ರ ನೀ ನನ್ನ ಸಲುವಾಗಿ ಬಂದಿಲ್ಲ. ಆ ಲೋಟದ ಸಲುವಾಗಿ ಬಂದಿ. ಅವತ್ತ ಮಂದಿಗೆ ತೋರಿಸಾಕ ನನ್ನ ಬಿಟ್ಟಿ. ಇವತ್ತ ಮಂದಿಗೆ ತೋರಿಸಾಕ ಬಂದಿ.”

ಹಿರಿಯರ ಕೈ ಚೌಕಟ್ಟಿನ ಮೇಲಿತ್ತು. ಅದು ಜಾರಿತು. “ಖರೇ ಅದ,” ಎಂದರು. ಬಾಗಿಲು ಮುಚ್ಚಿತು. ಮೆಲ್ಲಗೆ ಮುಚ್ಚಿತು, ಬಡಿಯಲಿಲ್ಲ.

ಮರಳುವಾಗ ರೈಲಿನಲ್ಲಿ ಅವರೆಂದದ್ದು: “ಇನ್ನ ಲೋಟದ ಸುದ್ದಿ ಬ್ಯಾಡ. ಹೋಗೂದಾದ್ರ ತಮ್ಮನ ಸಲುವಾಗಿ ಹೋಗೂದು.”

ಆಮೇಲೆ ಆಗಾಗ ಹೋಗುತ್ತಲೇ ಇದ್ದರು. ಕೆಲವು ಸಲ ನಾನೂ ಜೊತೆಗಿದ್ದೆ. ತಮ್ಮನ ಹೆಂಡತಿ ಹೊಸ್ತಿಲ ಹೊರಗೆ ಕುರ್ಚಿ ಹಾಕಿ ಚಹಾ ಕೊಡುವರು. ಒಳಗೆ ಟಿವಿಯ ಸದ್ದು ಜೋರಾಗುವುದು. ಹಿರಿಯರು ಚಹಾ ಮುಗಿಸಿ, ಕಪ್ಪು ತೊಳೆದಿಟ್ಟು ಏಳುವರು. “ಚಹಾ ಛಲೋ ಮಾಡ್ತಾಳ,” ಎನ್ನುವರು.

ನಮ್ಮ ಸಭೆಯಲ್ಲಿ ಮೊದಲಿನಂತೆಯೇ ದ್ರಾಕ್ಷಿ ಹಿಂಡಿದರು, ನಮಗೆಲ್ಲ ಕೊಟ್ಟರು, ತಾವು ಮಾತ್ರ ತಟ್ಟೆ ಮುಚ್ಚಿದರು. ಊರಿನಿಂದ ಬಂದ ಪಾಸ್ಟರ್ ಒಬ್ಬರು, ನಿಮ್ಮ ಪಾಲಿನದು ನೀವು ಮಾಡಿದಿರಿ, ಇನ್ನು ಕುಡಿಯಬಹುದು ಎಂದರು. “ನನ್ನ ಪಾಲು ಮುಗೀತು ಅಂತ ನಾ ಹ್ಯಾಂಗ ಹೇಳ್ಲಿರಿ?” ಎಂದರು ಇವರು. ಹಿರಿಯರು ಸರಿಯೋ ಪಾಸ್ಟರ್ ಸರಿಯೋ, ನನಗೆ ಇಂದಿಗೂ ತಿಳಿಯದು. ಆದರೆ ಆ ದಿನಗಳಲ್ಲಿ ಅವರು ಉಪದೇಶ ಕಡಿಮೆ ಮಾಡಿದರು. ಮದುವೆಗೆ ಕರೆದವರ ಮನೆಗೆಲ್ಲ, ಯಾವ ವಿಶ್ವಾಸದವರೆಂದು ಕೇಳದೆ ಹೋದರು.

ಕಳೆದ ಮಳೆಗಾಲದಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆಗೆ ಅವರ ಹೆಂಡತಿ ಲೋಟ ತಂದರು. ದ್ರಾಕ್ಷಿಯ ಕಾಲವಲ್ಲ, ಒಣದ್ರಾಕ್ಷಿ ನೆನೆಸಿ ಹಿಂಡಿದ್ದರು. “ಈಗರ ಕುಡೀರಿ,” ಎಂದರು. ಹಿರಿಯರು ತಲೆಯನ್ನು ಗೋಡೆಯ ಕಡೆಗೆ ಹೊರಳಿಸಿದರು. ಮತ್ತೆ ಕೇಳುವ ಧೈರ್ಯ ನಮಗಾಗಲಿಲ್ಲ. ಮಾರನೆಯ ದಿನ ತೀರಿಕೊಂಡರು.

ಮಣ್ಣು ಹಾಕುತ್ತಿದ್ದಾಗ ತಮ್ಮ ಬಂದರು, ಹೆಂಡತಿಯೊಂದಿಗೆ. ಗುಂಡಿಯ ಹತ್ತಿರ ಹೋಗದೆ ಅತ್ತಿಗೆಯ ಹತ್ತಿರ ಹೋಗಿ ಕೇಳಿದರು.

“ವೈನಿ, ಕಡೀಗಾದ್ರೂ ಕುಡದ್ನೇನು?”

“ಇಲ್ಲಪ್ಪಾ,” ಎಂದರು ಅವರು. “ನಿನ್ನ ದಾರಿ ಕಾದ್ರು.”

ತಮ್ಮ ಆ ಹಸಿ ಮಣ್ಣಿನಲ್ಲಿ ಹಾಗೆಯೇ ಕೂತುಬಿಟ್ಟರು.

ಇದನ್ನು ನನ್ನ ಮಾತಿನ ಮೇಲೆಯೇ ನಂಬಬೇಕಿಲ್ಲ. ಲೋಟ ಮುಚ್ಚಿದ್ದನ್ನು ಕಂಡ ಗಿಲಾವು ಕೆಲಸದವನು ಇದ್ದಾನೆ. ಆ ಬೆಳಗಿನ ತನ್ನ ಪ್ರಶ್ನೆ ನೆನೆದು ಈಗಲೂ ಅಳುತ್ತಾನೆ. ಹಿರಿಯರ ಹೆಂಡತಿ ಇದ್ದಾರೆ, ದ್ರಾಕ್ಷಿ ಈಗ ಅವರೇ ಹಿಂಡುತ್ತಾರೆ. ಹೊಸ್ತಿಲಿಗೆ ಕುರ್ಚಿ ಹಾಕುತ್ತಿದ್ದ ಪೈಠಣದ ಹೆಣ್ಣುಮಗಳು ಇದ್ದಾರೆ. ಆ ಬಾಗಿಲು ಮುಚ್ಚಿದ ತಮ್ಮನೂ ಇದ್ದಾರೆ.