ಎರಡು ಹೆಜ್ಜೆಯ ಸಾಂಚಿನ್

ನಮ್ಮ ಕರಾಟೆಯ ಹೆಸರು ಗೋಜು. ಜಪಾನಿಯಲ್ಲಿ ಗೋ ಅಂದರೆ ಗಡುಸು, ಜು ಅಂದರೆ ಮೆದು. ಕನ್ನಡದಲ್ಲಿ ಗೋಜು ಅಂದರೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಮನೆಗೆ ಬಂದು, ಕಮ್ಯುನಿಟಿ ಹಾಲ್‌ನಲ್ಲಿ ಗೋಜು ಕಲಿಸುತ್ತಾರೆ, ನಾನೂ ಸೇರುತ್ತೇನೆ ಎಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹೆಸರ ಹೇಳಾಕತ್ತೈತಲ್ಲ. ನಿನಗ್ಯಾಕ ಬೇಕು ಆ ಗೋಜು?" ಎಂದಳು. ಅಪ್ಪ ನಕ್ಕರು. ಆ ನಗುವನ್ನೇ ಒಪ್ಪಿಗೆ ಎಂದು ತಿಳಿದು ನಾನು ಮರುದಿನವೇ ಸೇರಿಬಿಟ್ಟೆ.

ಅಪ್ಪ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಕಾಲೊನಿಯಲ್ಲಿ ಕಲಬುರ್ಗಿ, ಬೀದರ, ರಾಯಚೂರು ಕಡೆಯ ಮಂದಿ ಸಾಕಷ್ಟಿದ್ದರು. ಬಾಗಿಲಾಚೆ ತೆಲುಗು, ಹಿಂದಿ, ಬಾಗಿಲೊಳಗೆ ಕನ್ನಡ. ಕರಾಟೆ ಮಾಸ್ತರೂ ಬೀದರ ಕಡೆಯವರೇ. ಅವರ ಹೆಂಡತಿ ಕಾಲೊನಿಯ ಶಾಲೆಯಲ್ಲಿ ಟೀಚರ್ ಆಗಿದ್ದುದರಿಂದ ನಮ್ಮ ಸಾಲಿನಲ್ಲೇ ಅವರಿಗೂ ಮನೆ ಸಿಕ್ಕಿತ್ತು. ಹಗಲು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಡ್ರಮ್ಮು ಉರುಳಿಸುವ ಮನುಷ್ಯ, ಸಂಜೆ ಬಿಳಿ ಬಟ್ಟೆ ತೊಟ್ಟು ಮೂವತ್ತು ಮಕ್ಕಳ ಮುಂದೆ ನಿಂತರೆ ಬೇರೆಯೇ ಆಗಿಬಿಡುತ್ತಿದ್ದರು. ಎಷ್ಟು ತೊಳೆದರೂ ಅವರ ಕೈಯಿಂದ ಕಹಿ ಗುಳಿಗೆಯ ವಾಸನೆ ಹೋಗುತ್ತಿರಲಿಲ್ಲ. ಅವರು ಒಳ್ಳೆಯವರು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಸಿಟ್ಟಿನಲ್ಲಿ ಅದು ಮರೆತುಹೋದೀತು.

ಮೊದಲ ವರ್ಷ ಪೂರ್ತಿ ಸಾಂಚಿನ್ ಒಂದೇ. ಒದೆಯುವುದು, ಹಾರುವುದು, ಹೆಂಚು ಒಡೆಯುವುದು ಎಂದೆಲ್ಲ ಆಸೆ ಕಟ್ಟಿಕೊಂಡು ಬಂದ ಮಕ್ಕಳು ಎರಡೇ ವಾರದಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಸಾಂಚಿನ್ ಎಂದರೆ ಕಾಲ್ಬೆರಳು ಒಳಕ್ಕೆ ತಿರುಗಿಸಿ, ಮೊಣಕಾಲು ಬಿಗಿದು, ಹೊಟ್ಟೆಯ ಬುಡದಿಂದ ಸದ್ದು ಮಾಡಿ ಉಸಿರು ಬಿಡುತ್ತ, ಪಾದವನ್ನು ನೆಲದಿಂದ ಎತ್ತದೆ ಅರ್ಧಚಂದ್ರದ ಹಾಗೆ ಎಳೆದು ಹೆಜ್ಜೆ ಇಡುವುದು. ಒಂದೊಂದು ಹೆಜ್ಜೆಗೆ ಒಂದು ಗುದ್ದು. ಅದೂ ಗಾಳಿಗೆ, ನಿಧಾನವಾಗಿ. ಮಾಸ್ತರು ಹಿಂದಿನಿಂದ ಬಂದು ಹೆಗಲು, ಬೆನ್ನು, ತೊಡೆಗೆ ಅಂಗೈಯಿಂದ ಹೊಡೆದು ನೋಡುತ್ತಿದ್ದರು. ಅಲುಗಿದರೆ ಮೊದಲಿಂದ. ಹೊರಗೆ ನಿಂತು ನೋಡಿದವರಿಗೆ ನಾವು ಮಲಬದ್ಧತೆಯ ಮಕ್ಕಳ ಸಾಲಿನಂತೆ ಕಾಣುತ್ತಿದ್ದೆವು. ಅಣ್ಣ ನನ್ನನ್ನು ಹಾಗೆಂದೇ ಛೇಡಿಸುತ್ತಿದ್ದ. ಇದರ ನಡುವೆ, ಮರಳು ತುಂಬಿದ ಉಪ್ಪಿನಕಾಯಿ ಭರಣಿಗಳ ಕಂಠವನ್ನು ಬೆರಳ ತುದಿಯಲ್ಲಿ ಹಿಡಿದು ಹಾಲ್‌ನ ಉದ್ದಕ್ಕೂ ನಡೆಯಬೇಕು. ಕರಾಟೆ ಹುಟ್ಟಿದ ಒಕಿನಾವಾದವರು ಹೀಗೇ ಮಾಡುತ್ತಾರಂತೆ.

ಒಕಿನಾವಾದ ಕಥೆಯನ್ನು ಮಾಸ್ತರು ಶನಿವಾರ ಹೇಳುತ್ತಿದ್ದರು. ಮಂಡಿ ಮಡಚಿ ಕೂತ ನಮ್ಮ ಕಾಲು ಜೋಮು ಹಿಡಿಯುತ್ತಿತ್ತು, ಆದರೂ ಯಾರೂ ಏಳುತ್ತಿರಲಿಲ್ಲ.

"ಜಪಾನಿನ ದಕ್ಷಿಣಕ್ಕ ಒಂದ್ ಸಣ್ಣ ನಡುಗಡ್ಡಿ. ಅಲ್ಲಿಂದ ಒಬ್ಬಾವ ಹಡಗ ಹತ್ತಿ ಚೀನಾಕ್ಕ ಹೋದ. ಗುರುವಿನ ಮನ್ಯಾಗ ಕಸ ಹೊಡದ, ನೀರ ತುಂಬಿದ. ಭಾಳ ದಿನದ ಮ್ಯಾಲ ಗುರು ಬರೇ ಸಾಂಚಿನ್ ಕಲಿಸಿದ. ವರ್ಷಾನುಗಟ್ಲೆ ಇಂವ ಅದನ್ನ ಮಾಡಿದ. ಯಾಕ ಅಂತ ಕೇಳಿದ್ನೇನು? ಕೇಳಲಿಲ್ಲ. ತಿರುಗಿ ಊರಿಗೆ ಬಂದು ಕಲಿಸಿದ. ಅವನ ಶಿಷ್ಯ ಅದಕ್ಕ ಗೋಜು ಅಂತ ಹೆಸರಿಟ್ಟ. ಹಂಗ ಕೈಯಿಂದ ಕೈಗೆ ದಾಟಿ ಮುಂಬೈದಾಗ ನನ್ನ ಗುರುವಿಗೆ ಸಿಕ್ತು, ಅವರಿಂದ ನನಗ, ನನ್ನಿಂದ ನಿಮಗ."

ಕೇಳಬಾರದು ಎನ್ನುವುದೇ ಹಾಲ್‌ನ ಕಾನೂನು. ಮಾಸ್ತರು ಏನೇ ಹೇಳಲಿ, ನಮ್ಮ ಉತ್ತರ "ಹೈ". ಜಪಾನಿಯಲ್ಲಿ ಅದು ಹೌದು ಎಂಬ ಮಾತು. ಹಿಂದಿ ಮನೆಮಾತಿನ ಮಕ್ಕಳಿಗೆ ಮಾತ್ರ ಯಾರೋ ವಾಕ್ಯದ ಬಾಲ ಒಂದನ್ನೇ ಹೇಳಿದಂತೆ ಕೇಳಿಸಿ ನಗು ಬರುತ್ತಿತ್ತು.

ನಮ್ಮ ಸಾಂಚಿನ್‌ಗೆ ಎರಡು ಹೆಜ್ಜೆ. ಬಲಗಾಲು, ಎಡಗಾಲು, ತಿರುಗು. ಮತ್ತೆ ಎರಡು, ಮತ್ತೆ ತಿರುಗು. ಒಂದು ಗಡುಸಿನ ಹೆಜ್ಜೆ, ಒಂದು ಮೆದುವಿನ ಹೆಜ್ಜೆ ಎಂದು ಮಾಸ್ತರು ವಿವರಿಸುತ್ತಿದ್ದರು. ಎಷ್ಟು ಚೆಂದದ ಮಾತು. ಹದಿಮೂರು ವರ್ಷ ನಾನು ಅದನ್ನು ನಂಬಿ ನಡೆದೆ.

ಅಷ್ಟು ಹೊತ್ತಿಗೆ ನಾನು ಕಂದು ಬೆಲ್ಟಿನ ಹಿರಿಯ ಶಿಷ್ಯೆ, ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್. ಟೆಸ್ಟಿಂಗ್ ಎಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಎಲ್ಲಿ, ಹೇಗೆ ಎಂದು ಬರೆದು ಕಳಿಸುವುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಊರಿಗೇ ಕಂಪ್ಯೂಟರ್ ಹುಚ್ಚು ಹಿಡಿದಿದ್ದ ಕಾಲ ಅದು. ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಆಫೀಸಿನಲ್ಲಿ ಕಿಟಕಿ ತೆರೆಯುವಂತಿಲ್ಲ, ಕಂಪನಿಯ ವ್ಯಾನಿನಲ್ಲೂ ತೆರೆಯುವಂತಿಲ್ಲ. ಹೋಗಿ ಬರುವ ಮೂರು ಗಂಟೆ ಅಕ್ಕಪಕ್ಕದವರ ಮೊಣಕೈ ನಡುವೆ ಸಿಕ್ಕಿಕೊಂಡು ಕೂತಾಗ, ಸಂಜೆಯ ಹಾಲ್ ಒಂದಾದರೂ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಅವ್ವನ ಕುಪ್ಪಸಕ್ಕೆ ಬಟ್ಟೆ ತರಲು ಕೋಠಿ ಪೇಟೆಗೆ ಹೋದೆ. ಹಳೆ ಪುಸ್ತಕದ ರಾಶಿಯಲ್ಲಿ ರಟ್ಟು ಕಿತ್ತುಹೋದ ಒಂದು ಕರಾಟೆ ಪುಸ್ತಕ ಸಿಕ್ಕಿತು. ಒಳಗೆ ಸಾಂಚಿನ್‌ನ ಪಾದಗಳ ಚಿತ್ರ, ಪಾದಗಳಿಗೆ ಅಂಕಿ. ಒಂದು, ಎರಡು, ಮೂರು, ಆಮೇಲೆ ತಿರುಗು. ಸಾಂಚಿನ್ ಎಂದರೆ ಮೂರು ಕದನ ಎಂದು ಕೆಳಗೆ ಅರ್ಥ ಕೊಟ್ಟಿದ್ದರು. ತಿರುಗದೆ ಮಾಡುವ ಇನ್ನೊಂದು ಬಗೆಯೂ ಇತ್ತು, ಅದರಲ್ಲೂ ಮುಂದಕ್ಕೆ ಮೂರೇ. ಸೋಮವಾರ ಆಫೀಸಿನ ಕಂಪ್ಯೂಟರಿನಲ್ಲಿ ಒಕಿನಾವಾದ ಒಬ್ಬ ಮುದುಕರ ವಿಡಿಯೊ ಹುಡುಕಿದೆ. ಅದು ನಿಂತು ನಿಂತು ಓಡುತ್ತಿತ್ತು. ಮುದುಕರು ಮೂರು ಹೆಜ್ಜೆ ಇಟ್ಟರು. ಹನ್ನೊಂದು ಸಲ ನೋಡಿದೆ, ಹನ್ನೊಂದು ಸಲವೂ ಮೂರೇ.

ಆಗ ನೆನಪಾಯಿತು. ತಮ್ಮ ಗುರು ಕಲಿಸುತ್ತಿದ್ದ ಮುಂಬೈಯ ಕೋಣೆಯ ಬಗ್ಗೆ ಮಾಸ್ತರು ಹೆಮ್ಮೆಯಿಂದ ಹೇಳುತ್ತಿದ್ದರು: ಕೈ ಚಾಚಿದರೆ ಗೋಡೆ ತಾಗುವ ಚಾಳಿನ ಕೋಣೆಯಲ್ಲಿ ಒಂಬತ್ತು ಜನ ಕಲಿತೆವು ಎಂದು. ಆ ಕೋಣೆಯಲ್ಲಿ ಮೂರನೆಯ ಹೆಜ್ಜೆಗೆ ಜಾಗ ಇದ್ದಿರಲಿಕ್ಕಿಲ್ಲ. ಗುರು ಎರಡಕ್ಕೇ ತಿರುಗಿಸಿರಬೇಕು. ಯಾಕೆ ಎಂದು ಯಾರೂ ಕೇಳಿರಲಿಕ್ಕಿಲ್ಲ. ಗಡುಸು, ಮೆದು ಎಂಬ ಚೆಂದದ ಅರ್ಥವೆಲ್ಲ ಒಂದು ಗೋಡೆಯಿಂದ ಹುಟ್ಟಿತ್ತು. ನನಗೆ ಮೊದಲು ನಗು ಬಂತು, ಆಮೇಲೆ ವ್ಯಾನಿನಲ್ಲಿ ಕೂತು ಅತ್ತೆ.

ಇಷ್ಟೇ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ತಿಂಗಳೇ ಕಾಲೊನಿಯ ಕಮಿಟಿಯವರು ಹಾಲ್‌ ಅನ್ನು ಕಂಪ್ಯೂಟರ್ ಕ್ಲಾಸಿಗೆ ಕೊಡುವ ಮಾತೆತ್ತಿದರು. ಕರಾಟೆಗೇ ಉಳಿಯಬೇಕಾದರೆ ಮಾಸ್ತರ ಬಳಿ ಮಾನ್ಯತೆಯ ಪತ್ರ ಇರಬೇಕು ಎಂದರು. ಮುಂಬೈಯ ಗುರು ಬಾಯಿಮಾತಲ್ಲಿ ಹರಸಿ ಕಳಿಸಿದ್ದರೇ ಹೊರತು ಕಾಗದ ಕೊಟ್ಟಿರಲಿಲ್ಲ. ನಾಲ್ಕು ತಿಂಗಳ ಮೇಲೆ ಒಕಿನಾವಾದಿಂದ ಒಬ್ಬ ಹಿರಿಯ ಪರೀಕ್ಷಕರು ಹೈದರಾಬಾದಿಗೆ ಬರುವವರಿದ್ದರು; ಪಾಸಾದರೆ ಆ ಪತ್ರ ಅವರಿಂದಲೇ ಸಿಗುತ್ತಿತ್ತು. ಮಾಸ್ತರು ಐವತ್ತೆರಡನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಹೆಸರು ಕೊಟ್ಟರು, ನನ್ನ ಹೆಸರನ್ನೂ ಬ್ಲ್ಯಾಕ್ ಬೆಲ್ಟಿಗೆ ಬರೆಸಿದರು. ಅವರು ಎರಡು ಹೆಜ್ಜೆ ಇಟ್ಟು ತಿರುಗಿದರೆ ಇಪ್ಪತ್ತು ವರ್ಷದ ಅವರ ಕ್ಲಾಸು ಅಲ್ಲಿಗೆ ಮುಗಿಯಿತು. ಅದು ಗೊತ್ತಿದ್ದವಳು ನಾನೊಬ್ಬಳೇ.

ದಿನವಿಡೀ ಆಫೀಸಿನಲ್ಲಿ ಕಂಡವರ ತಪ್ಪು ಬರೆದು ಕಳಿಸುವವಳಿಗೆ ಈ ಒಂದು ತಪ್ಪು ಹೇಳಲು ಬಾಯಿ ಬರಲಿಲ್ಲ. ಪುಸ್ತಕವನ್ನು ಬ್ಯಾಗಿನಲ್ಲಿಟ್ಟುಕೊಂಡು ವಾರಗಟ್ಟಲೆ ತಿರುಗಿದೆ. ಒಂದು ಸಂಜೆ ಹಾಲ್‌ನಲ್ಲಿ ಬೇಕೆಂದೇ ಮೂರನೆಯ ಹೆಜ್ಜೆ ಎಳೆದೆ. ಮಾಸ್ತರು ತೊಡೆಗೆ ಛಟ್ಟನೆ ಬಿಗಿದು, "ಎಲ್ಲಿಗೆ ಹೊಂಟಿ ತಂಗಿ, ಶಂಶಾಬಾದಿನ ಏರ್‌ಪೋರ್ಟಿಗೇನು?" ಎಂದರು. ಮಕ್ಕಳೆಲ್ಲ ನಕ್ಕರು. ನಾನು "ಹೈ" ಎಂದು ಹಿಂದಕ್ಕೆ ಬಂದೆ.

ಇನ್ನೊಂದು ದಿನ ಅವರ ಮನೆಗೇ ಹೋದೆ. ಟೀಚರಮ್ಮ ಚಹಾ ಕೊಟ್ಟು ಒಳಗೆ ಹೋದರು. ಮಾಸ್ತರು ತಮ್ಮ ಹಳೆ ಬಟ್ಟೆಯ ತೋಳಿಗೆ ಹೊಲಿಗೆ ಹಾಕುತ್ತಿದ್ದರು, ಪರೀಕ್ಷೆಗೆ ಹಾಕಿಕೊಳ್ಳುವುದಕ್ಕೆ.

"ಮಾಸ್ತರ, ಸಾಂಚಿನ್‌ದ್ದು ಒಂದು ಮಾತು ಕೇಳ್ಲೇನ್ರಿ?" ಎಂದೆ.

"ಕೇಳಬ್ಯಾಡ. ಮಾಡು. ಮಾಡಿದ್ರ ತಿಳೀತೈತಿ," ಎಂದರು, ದಾರ ಹಲ್ಲಲ್ಲಿ ಕಡಿಯುತ್ತ.

ಬ್ಯಾಗು ನನ್ನ ಮಡಿಲಲ್ಲೇ ಇತ್ತು, ಜಿಪ್ಪು ಅರ್ಧ ತೆರೆದಿತ್ತು. ಮುಚ್ಚಿದೆ. ಚಹಾ ಕುಡಿದು ಎದ್ದು ಬಂದೆ. ಮನೆಯಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತ, "ದೊಡ್ಡವರಿಗೆ ಹೆಂಗ ಹೇಳ್ತಿ? ಹೇಳಿದ್ರ ಅವರ ಮಾನ ಹೋಗತೈತಿ, ಹೇಳದಿದ್ರ ಹಾಲ್ ಹೋಗತೈತಿ. ನಾ ಅವತ್ತ ಹೇಳಿದ್ದೆ, ಗೋಜಿಗೆ ಬೀಳಬ್ಯಾಡ ಅಂತ," ಎಂದಳು. ಅವ್ವನ ಮೇಲೆ ರೇಗಿದೆ. ಅವಳು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ರೇಗಿದೆ.

ಆ ನಾಲ್ಕು ತಿಂಗಳು ನನಗೆ ಉಸಿರು ಕಟ್ಟಿಸಿದವು. ಸಂಜೆ ಹಾಲ್‌ನಲ್ಲಿ ಮಕ್ಕಳ ಮುಂದೆ ನಿಂತು ಎರಡು ಹೆಜ್ಜೆ ಎಣಿಸುತ್ತಿದ್ದೆ. ಬೆಳಗ್ಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ, ಪುಸ್ತಕವನ್ನು ನೆಲದ ಮೇಲಿಟ್ಟು ಮೂರು ಹೆಜ್ಜೆ ಹಾಕುತ್ತಿದ್ದೆ. ದೇಹಕ್ಕೆ ಎರಡರ ಗೀಳು ಹಿಡಿದಿತ್ತು. ಮೂರನೆಯ ಹೆಜ್ಜೆಗೆ ಸೊಂಟ ತಾನಾಗಿ ತಿರುಗಿಬಿಡುತ್ತಿತ್ತು. ಅದನ್ನು ಬಿಡಿಸಲು ಎರಡು ತಿಂಗಳೇ ಬೇಕಾಯಿತು. ಯಾಕೆ ಬಿಡಿಸುತ್ತಿದ್ದೇನೆ ಎಂದು ಮಾತ್ರ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಪರೀಕ್ಷೆ ಶಂಶಾಬಾದಿನ ಹೆದ್ದಾರಿ ಪಕ್ಕದ ಒಂದು ಫಂಕ್ಷನ್ ಹಾಲ್‌ನಲ್ಲಿ. ಹೊಸ ಏರ್‌ಪೋರ್ಟಿಗೆ ಹತ್ತಿರ ಎಂದು ಅಲ್ಲಿಟ್ಟಿದ್ದರು. ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಕ್ಕೆ ನೇತಾಡುತ್ತಿತ್ತು. ಪರೀಕ್ಷಕರು ಕುಳ್ಳಗಿನ, ತೆಳ್ಳಗಿನ ಮುದುಕರು. ಪಕ್ಕದಲ್ಲಿ ಅವರ ಮಾತನ್ನು ಹಿಂದಿಯಲ್ಲಿ ಹೇಳುವವನೊಬ್ಬ. ಕಲಿಸುವವರು ಮೊದಲು ಬರಲಿ ಎಂದರು. ನಮ್ಮ ಮಾಸ್ತರು ಎದ್ದರು. ನಮ್ಮ ಕಾಲೊನಿಯ ಮಕ್ಕಳೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು.

ಅಂಥ ಸಾಂಚಿನ್ ಅವರು ಹಿಂದೆಂದೂ ಮಾಡಿರಲಿಲ್ಲ. ಉಸಿರು ಇಡೀ ಹಾಲ್‌ಗೆ ಕೇಳಿಸುತ್ತಿತ್ತು. ಬಲಗಾಲು, ಎಡಗಾಲು. ತಿರುಗಿದರು.

ಪರೀಕ್ಷಕರು ಕೈ ಎತ್ತಿ ನಿಲ್ಲಿಸಿದರು. ಎದ್ದು ಬಂದು, ಮಾಸ್ತರ ಎರಡೂ ಹೆಗಲು ಹಿಡಿದು ಮೊದಲಿನ ದಿಕ್ಕಿಗೆ ತಿರುಗಿಸಿ, ಮೂರು ಬೆರಳು ತೋರಿಸಿದರು. ಮಾಸ್ತರಿಗೆ ತಿಳಿಯಲಿಲ್ಲ. ಮತ್ತೆ ಎರಡು ಹೆಜ್ಜೆ ಇಟ್ಟು ತಿರುಗಹೊರಟರು. ಪರೀಕ್ಷಕರು ಮೆಲ್ಲಗೆ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಮಾಸ್ತರ ಬಲಗಾಲು ಗಾಳಿಯಲ್ಲಿ ತಡವರಿಸಿ ನೆಲಕ್ಕೆ ಬಿತ್ತು, ಅವರು ವಾಲಿದರು. ಹಿಂದೆ ನಮ್ಮದೇ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರು ಬಾಗಿ ನಮಸ್ಕರಿಸಿ ಹಿಂದೆ ಮಕ್ಕಳ ಸಾಲಿಗೆ ಬಂದು ಕೂತರು. ಅವರ ತೋಳಿನ ಹೊಲಿಗೆ ಬಿಟ್ಟಿತ್ತು.

ಮುಂದಿನ ಹೆಸರು ನನ್ನದು. ಎದ್ದು ನಿಂತಾಗ ದಾರಿ ಎರಡೇ ಇದ್ದವು. ಎರಡು ಹೆಜ್ಜೆಗೆ ತಿರುಗಿ ಅವರ ಜೊತೆಗೇ ಬೀಳುವುದು, ಇಲ್ಲವೇ ಮೂರು. ಯೋಚಿಸಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಲು ತಾರಸಿಯಲ್ಲಿ ಕಲಿತದ್ದನ್ನು ಮಾಡಿತು. ಬಲಗಾಲು, ಎಡಗಾಲು, ಬಲಗಾಲು. ಆಗಷ್ಟೇ ನೋಡಿ ಕಲಿತವಳ ಮೂರನೆಯ ಹೆಜ್ಜೆಯಾಗಿದ್ದರೆ ನಡುಗಬೇಕಿತ್ತು. ನನ್ನದು ನಡುಗಲಿಲ್ಲ. ತಿರುಗಿದಾಗ ಎದುರಿಗೆ ಮಾಸ್ತರ ಮುಖ ಇತ್ತು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದರು.

ನನಗೆ ಬ್ಲ್ಯಾಕ್ ಬೆಲ್ಟ್ ಸಿಕ್ಕಿತು. ಮಾಸ್ತರಿಗೆ, ಮುಂದಿನ ವರ್ಷ ಮತ್ತೆ ಬನ್ನಿ ಎಂದರು. ಮುಂದಿನ ವರ್ಷದವರೆಗೆ ಕಮಿಟಿ ಕಾಯುವುದಿಲ್ಲ ಎನ್ನುವುದು ನಮಗಿಬ್ಬರಿಗೂ ಗೊತ್ತಿತ್ತು.

ವಾಪಸು ಬರುವಾಗ ಬಾಡಿಗೆ ಮಿನಿಬಸ್ಸಿನಲ್ಲಿ ಮಕ್ಕಳು ಹಿಂದೆ ಗಲಾಟೆ ಮಾಡುತ್ತಿದ್ದರು. ಮಾಸ್ತರು ಮುಂದಿನ ಸೀಟಿನಲ್ಲಿ ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಯಾವಾಗಿಂದ ಗೊತ್ತಿತ್ತು ತಂಗಿ?"

"ನಾಕ ತಿಂಗಳಾತ್ರಿ."

ಅವರು ತಲೆಯಾಡಿಸಿದರು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನೀವ ಕೇಳಬ್ಯಾಡ ಅಂದಿದ್ರಲ್ರಿ," ಎಂದೆ. ಆ ಮಾತನ್ನು ನಾಲ್ಕು ತಿಂಗಳಿಂದ ತಯಾರು ಮಾಡಿಟ್ಟುಕೊಂಡಿದ್ದೆ.

"ಹೌದು, ಕೇಳಬ್ಯಾಡ ಅಂದಿದ್ದೆ," ಎಂದರು ಮಾಸ್ತರು. "ಹೇಳಬ್ಯಾಡ ಅಂದಿದ್ನೇನವಾ?"

ಅಷ್ಟು ದಿನ ನನ್ನ ಮೌನವನ್ನು ನಾನು ಗೌರವ ಎಂದು ಕರೆದುಕೊಂಡಿದ್ದೆ, ಕಾನೂನು ಎಂದು ಕರೆದುಕೊಂಡಿದ್ದೆ. ಮಾಸ್ತರಿಗಿಂತ ಒಂದು ಹೆಜ್ಜೆ ಹೆಚ್ಚು ಗೊತ್ತಿರುವ ಸುಖವೂ ಅದರಲ್ಲಿ ಇತ್ತು. ಅದು ಅವರಿಗೆ ನನ್ನ ಪಾದದಲ್ಲಿ ಕಂಡುಬಿಟ್ಟಿತ್ತು.