ಸೋತವರನ್ನು ಗೆಲ್ಲಿಸುತ್ತಿದ್ದ ಅನುಸೂಯಾ

ಸಿಂಗಪುರದ ಹೌಗಾಂಗ್ ಬಡಾವಣೆಯಲ್ಲಿ, ಒಂಬತ್ತನೇ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ಅಮೆರಿಕದ ಅಧ್ಯಕ್ಷರನ್ನು ಇಳಿಸಿ ಹತ್ತಿಸುವ ಹೆಂಗಸೊಬ್ಬಳಿದ್ದಾಳೆಂದು ಎದುರುಮನೆಯವರಿಗೆ ತಿಳಿದಿರಲಿಲ್ಲ. ಅವಳ ಗಂಡನಿಗೂ ಬಹಳ ಕಾಲ ತಿಳಿದಿರಲಿಲ್ಲ.

ಅನುಸೂಯಾ ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದವಳು. ಬಿ.ಎ. ತರಗತಿಗೆ ಅಮೆರಿಕದ ಸಂವಿಧಾನ ಅವಳ ಪಾಲಿನ ಪಾಠ. ಆ ದೇಶವನ್ನು ಕಣ್ಣಾರೆ ಕಂಡವಳಲ್ಲ. ಆದರೂ ಅಲ್ಲಿನ ಯಾವ ರಾಜ್ಯ ಯಾವ ಚುನಾವಣೆಯಲ್ಲಿ ಯಾರ ಕೈ ಹಿಡಿಯಿತು, ಯಾರಿಗೆ ಕೈ ಕೊಟ್ಟಿತು ಎಂಬುದೆಲ್ಲ ನೆಂಟರ ಮನೆಯ ಜಗಳಗಳಂತೆ ಅವಳ ನಾಲಿಗೆಯ ತುದಿಯಲ್ಲಿತ್ತು. ಗಂಡ ಹರ್ಷವರ್ಧನನಿಗೆ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕಿನ ಐಟಿ ಕೆಲಸ ಸಿಕ್ಕಾಗ ಅವಳು ರಾಜೀನಾಮೆ ಕೊಟ್ಟು ಹೊರಟಳು. ಅದು 2011. ಮಕ್ಕಳಿರಲಿಲ್ಲ. ಆ ಮಾತೆತ್ತುವುದನ್ನು ಇಬ್ಬರೂ ಯಾವಾಗಲೋ ನಿಲ್ಲಿಸಿದ್ದರು.

ಸಿಂಗಪುರದಲ್ಲಿ ಅವಳ ವಿದ್ಯೆಗೆ ಗಿರಾಕಿಯಿರಲಿಲ್ಲ. ಎರಡು ಮೂರು ಕಡೆ ಸಂದರ್ಶನಕ್ಕೆ ಹೋದಳು; ಎಲ್ಲರೂ ಮರ್ಯಾದೆಯಿಂದಲೇ ಕಳಿಸಿಕೊಟ್ಟರು. ಹರ್ಷವರ್ಧನನ ತಂಡದ ಅರ್ಧ ಜನ ನ್ಯೂಯಾರ್ಕಿನಲ್ಲಿ. ಅವನ ದಿನ ಮಧ್ಯಾಹ್ನ ಶುರುವಾಗಿ ಇವಳ ನಿದ್ದೆಯಲ್ಲಿ ಮುಗಿಯುತ್ತಿತ್ತು; ಬೆಳಿಗ್ಗೆ ಇವಳು ಎದ್ದರೆ ಅವನು ಮಲಗಿರುತ್ತಿದ್ದ. ಕುಕ್ಕರ್ ಕೂಗಿ ಅವನಿಗೆ ಎಚ್ಚರವಾದೀತೆಂದು ಅವಳು ಅನ್ನವನ್ನು ಪಾತ್ರೆಯಲ್ಲೇ ಬೇಯಿಸುವುದನ್ನು ರೂಢಿ ಮಾಡಿಕೊಂಡಳು. ಹೀಗೆ ಸದ್ದಿಲ್ಲದೆ ಕಳೆಯಬೇಕಾದ ಬೆಳಗುಗಳಲ್ಲಿ, ಕಂಪ್ಯೂಟರಿನಲ್ಲಿ, ಅವಳಿಗೊಂದು ವಿಚಿತ್ರ ಕೂಟ ಸಿಕ್ಕಿತು. ನಡೆದುಹೋದ ಚುನಾವಣೆಗಳು ಬೇರೆ ಥರ ನಡೆದಿದ್ದರೆ ಏನಾಗುತ್ತಿತ್ತು ಎಂದು ಬರೆಯುವವರ ಕೂಟ ಅದು. ಬರೆಯುವವರು ಹೆಚ್ಚಿನವರು ಅಮೆರಿಕದವರು, ಹೆಚ್ಚಿನವರು ಗಂಡಸರು. ಅವಳು 'ಎ. ರಾವ್' ಎಂದು ಸೇರಿಕೊಂಡಳು.

ಅವಳು ಆರಿಸಿಕೊಂಡದ್ದು 1916ರ ಚುನಾವಣೆ. ಆ ವರ್ಷ ಹ್ಯೂಸ್ ಎಂಬ ಅಭ್ಯರ್ಥಿ ಕ್ಯಾಲಿಫೋರ್ನಿಯಾಕ್ಕೆ ಪ್ರಚಾರಕ್ಕೆ ಹೋಗಿದ್ದ. ಅವನದೇ ಪಕ್ಷದ ಅಲ್ಲಿನ ಗವರ್ನರ್ ಕೂಡ ಅದೇ ಹೋಟೆಲಿನಲ್ಲಿದ್ದ. ಒಂದೇ ಸೂರಿನಡಿ ಇದ್ದೂ ಇಬ್ಬರೂ ಭೇಟಿಯಾಗಲಿಲ್ಲ. ಗವರ್ನರಿಗೆ ಮುನಿಸು ಬಂತು ಎನ್ನುತ್ತಾರೆ. ಕೊನೆಗೆ ಹ್ಯೂಸ್ ಆ ರಾಜ್ಯವನ್ನು ನಾಲ್ಕು ಸಾವಿರಕ್ಕೂ ಕಡಿಮೆ ಮತಗಳಿಂದ ಕಳೆದುಕೊಂಡ, ಅದರೊಂದಿಗೆ ಅಧ್ಯಕ್ಷ ಪದವಿಯನ್ನೂ. ಅನುಸೂಯಾ ತನ್ನ ಕಥನದಲ್ಲಿ ಹ್ಯೂಸನನ್ನು ಎಬ್ಬಿಸಿ, ಕೋಟು ತೊಡಿಸಿ, ಗವರ್ನರನ ಕೋಣೆಯ ಬಾಗಿಲು ತಟ್ಟಿಸಿದಳು. ಅಲ್ಲಿಂದ ಮುಂದೆ ಯುದ್ಧ, ಸಂಧಾನ, ನ್ಯಾಯಾಲಯ, ಎಲ್ಲವನ್ನೂ ಕಂತು ಕಂತಾಗಿ ಹೊಸದಾಗಿ ಹೆಣೆದಳು.

ಅದನ್ನು ಬಿಡದೆ ಓದಿದವನು ಡೆನಿಸ್. ಒಹಾಯೊದ ಸಣ್ಣ ಊರಿನವನು, ಅಂಚೆ ಇಲಾಖೆಯಿಂದ ನಿವೃತ್ತ, ಹೆಂಡತಿ ತೀರಿಕೊಂಡವನು. "ರಾವ್ ಸರ್, ಆ ಕಾಲದಲ್ಲಿ ಪ್ರಚಾರದ ರೈಲು ಅಷ್ಟು ವೇಗವಾಗಿ ಓಡುತ್ತಿರಲಿಲ್ಲ" ಎಂದು ತಪ್ಪು ತೋರಿಸುತ್ತ ಶುರುಮಾಡಿದವನು ಬರಬರುತ್ತ ಅಲ್ಲಿನ ಹಿಮದ ಸಂಗತಿ, ತನ್ನ ಮಂಡಿನೋವಿನ ಸಂಗತಿ ಎಲ್ಲ ಬರೆಯತೊಡಗಿದ. ಇವಳು ಹೊಸ ಕಂತು ಹಾಕಿದ ಮರುದಿನ ಅವನ ಉತ್ತರ ಬಂದೇ ಬರುತ್ತಿತ್ತು. ಅದನ್ನು ಓದುತ್ತ ಕಾಫಿ ಕುಡಿಯುವುದೇ ಅವಳಿಗೆ ದಿನದ ಮಾತುಕತೆ.

2014ರಲ್ಲಿ ಅವನು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ ಮಗನನ್ನು ನೋಡಲು ಹೊರಟ. ವಿಮಾನ ಬದಲಿಸಲು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಒಂದು ಹಗಲು ಕಾಯಬೇಕಿತ್ತು. ಹೊರಗೆ ಬರುತ್ತೇನೆ, ರಾವ್ ಅವರ ಕೈ ಕುಲುಕಬೇಕು ಎಂದು ಬರೆದ.

ಗಂಡ ಶೂ ಹಾಕಿಕೊಳ್ಳುತ್ತಿದ್ದಾಗ ಅನುಸೂಯಾ ಹೇಳಿದಳು. "ರೀ, ಶನಿವಾರ ಏರ್‌ಪೋರ್ಟ್‌ಗೆ ಬರ್ತೀರಾ? ಒಬ್ರು ಬರ್ತಿದಾರೆ, ಮೀಟ್ ಮಾಡ್ಬೇಕು."

"ಯಾರು? ನಿಮ್ ಅಣ್ಣನ ಕಡೆಯವ್ರಾ?"

"ಅಲ್ಲ, ಅಮೆರಿಕದವ್ರು. ನಾನು ಆನ್‌ಲೈನ್ ಬರೀತೀನಿ, ಎಲೆಕ್ಷನ್..."

ಅವನ ಫೋನು ರಿಂಗಾಯಿತು. "ಒಂದ್ನಿಮಿಷ ಅನು, ಇದು ತಗೋಬೇಕು" ಎಂದು ಲಿಫ್ಟಿನ ಕಡೆ ನಡೆದ. ಶನಿವಾರ ಅವಳೊಬ್ಬಳೇ ಹೋದಳು.

ಆಗಮನದ ಬಾಗಿಲಲ್ಲಿ ಬೆನ್ನು ಸ್ವಲ್ಪ ಬಾಗಿದ ಮುದುಕನೊಬ್ಬ ಸೂಟು ತೊಟ್ಟ ಗಂಡಸರ ಮುಖಗಳನ್ನೇ ಹುಡುಕುತ್ತಿದ್ದ. ಇವಳು ಹತ್ತಿರ ಹೋಗಿ, "ನಾನೇ ರಾವ್" ಎಂದಳು. ಅವನು ಅರೆಗಳಿಗೆ ತಬ್ಬಿಬ್ಬಾದ. ಆಮೇಲೆ ಎಷ್ಟು ಗಟ್ಟಿಯಾಗಿ ನಕ್ಕನೆಂದರೆ ಪಕ್ಕದಲ್ಲಿದ್ದವರು ತಿರುಗಿ ನೋಡಿದರು. "ಮೂರು ವರ್ಷದಿಂದ ನಿಮ್ಮನ್ನ ಸರ್ ಅಂತ ಕರೆದಿದ್ದೇನೆ! ಒಂದು ಮಾತು ತಿದ್ದಬಾರದಿತ್ತೇ?"

"ನನ್ನನ್ನ ಕರೆಯೋರೇ ಬೇರೆ ಯಾರೂ ಇರಲಿಲ್ಲ. ಸರ್ ಅಂದ್ರೂ ಚೆನ್ನಾಗೇ ಇತ್ತು" ಎಂದಳು ಅನುಸೂಯಾ.

ಇಬ್ಬರೂ ಏರ್‌ಪೋರ್ಟಿನ ಫುಡ್ ಕೋರ್ಟಿನಲ್ಲಿ ಕೂತರು. ಅವನು ಸಕ್ಕರೆ ಪೊಟ್ಟಣಗಳನ್ನು ಮೇಜಿನ ಮೇಲೆ ರಾಜ್ಯಗಳಂತೆ ಜೋಡಿಸಿ, ಅವಳ ಕಥನದ ಹ್ಯೂಸ್ ಎರಡನೇ ಸಲ ಚುನಾವಣೆಗೆ ನಿಂತಾಗ ಯಾವ ರಾಜ್ಯಗಳಲ್ಲಿ ಸೋಲಬೇಕೆಂದು ವಾದಿಸಿದ. ಅವಳು ಬಿಟ್ಟುಕೊಡಲಿಲ್ಲ. ತನ್ನ ದನಿ ತರಗತಿಯಲ್ಲಿ ಏರುತ್ತಿದ್ದಂತೆ ಏರುತ್ತಿರುವುದು ಅವಳಿಗೇ ಕೇಳಿಸಿತು. ಸತ್ತ ಹೆಂಡತಿಯ ವಿಷಯವನ್ನೂ ಅವನು ಹೇಳಿದ. ಜೀವಮಾನವೆಲ್ಲ ಇಬ್ಬರದೂ ಬೇರೆ ಬೇರೆ ಪಕ್ಷವಂತೆ. ನನ್ನ ಮತವನ್ನು ಅವಳು, ಅವಳದನ್ನು ನಾನು ಅಳಿಸಿ, ಮನೆಗೆ ಬಂದು ಒಟ್ಟಿಗೆ ಊಟ ಮಾಡುತ್ತಿದ್ದೆವು ಎಂದ. ವಿಮಾನದ ಹೊತ್ತಾದಾಗ ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, "ಬರೆಯುವುದನ್ನು ನಿಲ್ಲಿಸಬೇಡಿ" ಎಂದು ಹೇಳಿ ಒಳಗೆ ಹೋದ.

ಅವಳು ಭಾನುವಾರ ಎಲ್ಲವನ್ನೂ ಗಂಡನಿಗೆ ಹೇಳಿದಳು. ಅವನು ಬೇಸರಿಸಿಕೊಳ್ಳಲಿಲ್ಲ, ಅನುಮಾನಿಸಲೂ ಇಲ್ಲ. ಅವನಿಗದು ತಮಾಷೆಯಾಗಿ ಕಂಡಿತು. ಆ ನವೆಂಬರಿನಲ್ಲಿ ಅಲ್ಲಿನ ಕನ್ನಡಿಗರ ರಾಜ್ಯೋತ್ಸವದ ಊಟದಲ್ಲಿ, ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತ ಗೆಳೆಯರಿಗೆ ಹೇಳಿದ. "ನಮ್ ಮನೇಲಿ ಅಮೆರಿಕದ ಪ್ರೆಸಿಡೆಂಟನ್ನೇ ಚೇಂಜ್ ಮಾಡ್ತಾರೆ, ಗೊತ್ತಾ? ಸೋತೋರನ್ನೆಲ್ಲ ಗೆಲ್ಲಿಸ್ತಾಳೆ ಅನು."

"ಅತ್ತೆಗೆ ಮೀಸೆ ಬಂದ್ರೆ ಚಿಕ್ಕಪ್ಪ ಅಂದಂಗೆ!" ಎಂದರು ಗುಂಪಿನ ಹಿರಿಯರಾದ ಗುರುಮೂರ್ತಿ ಅಂಕಲ್. ಎಲ್ಲರೂ ನಕ್ಕರು. ಅನುಸೂಯಾಳೂ ನಕ್ಕಳು. ಆಮೇಲೆ ಯಾರ ಬಳಿಯೂ ಆ ವಿಷಯ ಎತ್ತಲಿಲ್ಲ.

ಎರಡು ವರ್ಷ ಕಳೆದು ಅಮೆರಿಕದಲ್ಲಿ ಮತ್ತೆ ಚುನಾವಣೆ ಬಂತು. ಫಲಿತಾಂಶ ಹೊರಬೀಳುವಾಗ ಸಿಂಗಪುರದಲ್ಲಿ ಬುಧವಾರದ ಹಗಲು. ಷೇರುಪೇಟೆ ಅಲ್ಲಾಡೀತೆಂದು ಹರ್ಷವರ್ಧನನನ್ನು ಆಫೀಸಿನವರು ಬೆಳಿಗ್ಗೆಯೇ ಕರೆಸಿಕೊಂಡಿದ್ದರು. ಅನುಸೂಯಾ ಒಬ್ಬಳೇ ನಕ್ಷೆಗೆ ಬಣ್ಣ ತುಂಬುವುದನ್ನು ನೋಡುತ್ತ ಕೂತಳು. ಇದು ಅವಳು ಬರೆದದ್ದಲ್ಲ, ನಿಜದ್ದು. ಕೂಟದಲ್ಲಿ ಬೆಂಕಿಯೇ ಬಿತ್ತು. ನೂರು ವರ್ಷದ ಹಿಂದಿನ ಸೋಲುಗಳನ್ನು ಪ್ರೀತಿಯಿಂದ ಬಿಡಿಸುತ್ತಿದ್ದ ಜನ ನಿನ್ನೆಯ ಸೋಲಿಗೆ ಒಬ್ಬರ ಮೇಲೊಬ್ಬರು ಬಿದ್ದರು. ಡೆನಿಸ್ ತಾನು ಯಾರಿಗೆ ಮತ ಹಾಕಿದೆನೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಅವನನ್ನು ಬಾಯಿಗೆ ಬಂದಂತೆ ಅಂದರು. ಅವನ ಹಳೆಯ ಮಾತುಗಳನ್ನೆಲ್ಲ ಕೆದಕಿದರು. ಅನುಸೂಯಾ ಅವನ ಪರವಾಗಿ ನಾಲ್ಕು ಸಾಲು ಬರೆದಳು. ಅವನ ಮತ ಅವಳಿಗೂ ಹಿಡಿಸಿರಲಿಲ್ಲ, ಅದನ್ನೂ ಬರೆದಳು. ಅವಳಿಗೂ ಬೈಗುಳ ಬಿತ್ತು.

ಅವನು ಕೂಟ ಬಿಟ್ಟ. ಅವಳು ಕಳಿಸಿದ ಇಮೇಲಿಗೆ ಒಂದೇ ಒಂದು ಉತ್ತರ ಬಂತು. "ಹೆಂಡತಿ ಇದ್ದಿದ್ದರೆ ನನ್ನ ಮತ ಅಳಿಸಿರುತ್ತಿದ್ದಳು. ಯಾರೊಂದಿಗೂ ವಾದ ಮಾಡಲು ಮನಸ್ಸಿಲ್ಲ. ಕ್ಷಮಿಸಿ." ಮುಂದೆ ಅವಳು ಹಬ್ಬಕ್ಕೆ ಬರೆದಳು, ಅವನ ಮಂಡಿಯ ಬಗ್ಗೆ ಕೇಳಿ ಬರೆದಳು. ಉತ್ತರವಿಲ್ಲ. ಇದ್ದಾನೋ ಇಲ್ಲವೋ ಎಂದು ಕೇಳೋಣವೆಂದರೆ ಪರ್ತ್‌ನ ಮಗನ ವಿಳಾಸ ಅವಳ ಬಳಿಯಿಲ್ಲ, ಅವನ ಕಡೆಯವರು ಬೇರೆ ಯಾರೂ ಗೊತ್ತಿಲ್ಲ. ಹ್ಯೂಸನ ಕಥನಕ್ಕೆ ಇನ್ನೂ ಎರಡು ಕಂತು ಹಾಕಿದಳು. ಮರುದಿನ ಯಾರೂ ಏನೂ ಅನ್ನಲಿಲ್ಲ. ಅದು ಅಷ್ಟಕ್ಕೇ ನಿಂತಿತು.

2018ರಲ್ಲಿ ಹತ್ತಿರದ ಟ್ಯೂಷನ್ ಕೇಂದ್ರವೊಂದು ಅವಳನ್ನು ಸಮಾಜ ಪಾಠಕ್ಕೆ ತೆಗೆದುಕೊಂಡಿತು. ಒಂದು ಮಧ್ಯಾಹ್ನ ಸಿಂಗಪುರ ಮಲೇಷ್ಯಾದಿಂದ ಬೇರೆಯಾದ ಪಾಠ ಮಾಡುತ್ತ, ಮೈಮರೆತು, "ಬೇರೆಯಾಗದೇ ಇದ್ದಿದ್ದರೆ ಏನಾಗ್ತಿತ್ತು, ಹೇಳಿ?" ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ಮುಂದಿನ ಬೆಂಚಿನ ಹುಡುಗಿ ಪೆನ್ಸಿಲ್ ಕಚ್ಚುತ್ತ, ಮಾತಿನ ಕೊನೆಗೊಂದು 'ಲಾ' ಸೇರಿಸುವ ಅಲ್ಲಿನವರ ರೂಢಿಯಲ್ಲಿ, "ಟೀಚರ್, ಹಾಗೆ ನಡೀಲೇ ಇಲ್ಲ ಲಾ. ಪರೀಕ್ಷೆಗೆ ಬರುತ್ತಾ?" ಎಂದಳು.

"ಬರಲ್ಲ" ಎಂದಳು ಅನುಸೂಯಾ. ಹುಡುಗಿ ನಿರಾಳವಾಗಿ ಪುಟ ತಿರುವಿದಳು. ಅನುಸೂಯಾ ಕಿಟಕಿಯಾಚೆ ಎದುರು ಬ್ಲಾಕಿನ ಮನೆಗಳಿಂದ ಹೊರಚಾಚಿದ ಕೋಲುಗಳ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ನೋಡಿ, ಮುಂದಿನ ಪಾಠ ಯಾವುದೆಂದು ಮಕ್ಕಳನ್ನೇ ಕೇಳಿದಳು.